ಕೊಡಗಿನ ಮಳೆಯಲ್ಲಿ ಮನೆ ಕಸ ಕಡಿಮೆ ಮಾಡುವುದು ಹೇಗೆ?

ಮಡಿಕೇರಿಗೆ ಹೊಸದಾಗಿ ಬಂದಿದ್ದೀರಿ. ಮನೆಯ ಕಸ ಕಡಿಮೆ ಮಾಡಬೇಕು, ಅಕ್ಕಪಕ್ಕದವರಲ್ಲೂ ಅರಿವು ಮೂಡಿಸಬೇಕು, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ. ನಾನು ಇಲ್ಲೇ ತೋಟದ ಮನೆಯಲ್ಲಿ ಬೆಳೆದವಳು. ನನ್ನ ಮಾತು ಇಷ್ಟೇ: ಅಡುಗೆಮನೆಯ ಹಸಿ ಕಸ ನಿಮ್ಮ ಗೇಟು ದಾಟಬಾರದು. ಅದೊಂದಾದರೆ ಉಳಿದದ್ದು ಸಲೀಸು. ಅನ್ನ, ಸಾರು ಮೆತ್ತಿದ ಪ್ಲಾಸ್ಟಿಕ್ಕನ್ನು ಗುಜರಿಯವರೂ ಮುಟ್ಟುವುದಿಲ್ಲ. ತೊಳೆದು ಒಣಗಿಸಿದ ಹಾಲಿನ ಕವರನ್ನು ತೆಗೆದುಕೊಳ್ಳುತ್ತಾರೆ.

ಬಯಲುಸೀಮೆಯವರು ಹೇಳುವ ಗೊಬ್ಬರದ ಗುಂಡಿ ಇಲ್ಲಿ ಜೂನ್ ಬಂದರೆ ಕೈಕೊಡುತ್ತದೆ. ನೀರು ನಿಲ್ಲುತ್ತದೆ, ಗಾಳಿ ಆಡದೆ ನಾರುತ್ತದೆ. ಗುಂಡಿ ಬೇಡ, ಹಳೇ ಡ್ರಮ್ ಸಾಕು. ತಳಕ್ಕೂ ಪಕ್ಕಕ್ಕೂ ತೂತು ಕೊರೆದು, ಸೂರಿನ ಕೆಳಗೆ ಇಟ್ಟಿಗೆ ಮೇಲೆ ಇಡಿ. ತರಕಾರಿ ಸಿಪ್ಪೆ ಒಂದು ಪಾಲು ಹಾಕಿದರೆ ತರಗೆಲೆ ಎರಡು ಪಾಲು ಹಾಕಿ. ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಬೇಸಿಗೆಯ ಮಳೆ, ಬೀಳುವ ಮೊದಲೇ ತರಗೆಲೆ ಗುಡಿಸಿ, ಗೋಣಿಚೀಲಕ್ಕೆ ತುಂಬಿ ಅಟ್ಟಕ್ಕೆ ಹಾಕಿಡಿ. ಜುಲೈನಲ್ಲಿ ಒಣ ಎಲೆ ಬೇಕು ಅಂದ್ರೆ ಎಲ್ಲಿಂದ ತರ್ತೀರಿ? ಸಿಲ್ವರ್ ಓಕ್ ಎಲೆ ಬೇಗ ಕರಗುವುದಿಲ್ಲ, ಕೈಯಲ್ಲಿ ಪುಡಿ ಮಾಡಿ ಹಾಕಿ. ಕಾಫಿ ಹೊಟ್ಟು ಸಿಕ್ಕರೆ ಇನ್ನೂ ಒಳ್ಳೆಯದು. ವಾಸನೆ ಬಂತು ಅಂದರೆ ಸಾಮಾನ್ಯವಾಗಿ ನೀರು ಜಾಸ್ತಿಯಾಗಿದೆ ಅಂತ ಅರ್ಥ. ಇನ್ನಷ್ಟು ಎಲೆ ಸೇರಿಸಿ, ಕೋಲಿನಿಂದ ಕೆದಕಿ ಬಿಡಿ. ಮೀನು, ಮೂಳೆ ಮಾತ್ರ ಹಾಕಬೇಡಿ, ನಾಯಿಗಳು ಡ್ರಮ್ ಉರುಳಿಸುತ್ತವೆ.

ನನಗೆ ಜಾಸ್ತಿ ಸಂಕಟ ಆಗುವುದು ಬಚ್ಚಲ ಒಲೆ ನೋಡಿದಾಗ. ಮಳೆಗಾಲದಲ್ಲಿ ಹಸಿ ಸೌದೆ ಹೊತ್ತಿಕೊಳ್ಳುವುದಿಲ್ಲ, ಕೈಗೆ ಸಿಕ್ಕ ಪ್ಲಾಸ್ಟಿಕ್ ಕವರ್ ಒಲೆಗೆ ಹೋಗುತ್ತದೆ. ಆ ಹೊಗೆ ಕುಡಿಯುವವರು ಮನೆಯ ಹೆಂಗಸರು, ಮಕ್ಕಳು. ಪೈಪು, ವೈರಿನ ಹೊದಿಕೆಗೆ ಬಳಸುವ ಪಿವಿಸಿ ಪ್ಲಾಸ್ಟಿಕ್ ಸುಟ್ಟರಂತೂ ಡಯಾಕ್ಸಿನ್‌ನಂಥ ವಿಷ ಬರುತ್ತದೆ. ಒಲೆ ಹೊತ್ತಿಸಲು ಒಣಗಿದ ತೆಂಗಿನ ಸಿಪ್ಪೆ ಕೂಡಿಟ್ಟುಕೊಳ್ಳಿ. ಪಕ್ಕದ ಮನೆಯವರಿಗೂ ಒಂದು ಚೀಲ ಕೊಡಿ. ಸುಮ್ನೆ ಬುದ್ಧಿ ಹೇಳಿದರೆ ಯಾರೂ ಕೇಳುವುದಿಲ್ಲ, ಬದಲಿಗೆ ಏನು ಮಾಡಬೇಕು ಅನ್ನೋದನ್ನು ಕೈಗೇ ಕೊಟ್ಟರೆ ಕೇಳುತ್ತಾರೆ.

ಹೊಸ ಕಸ ಮನೆಗೆ ಬರದಂತೆ ನೋಡಿಕೊಳ್ಳುವುದು ಸುಲಭ. ಶುಕ್ರವಾರದ ಸಂತೆಗೆ ಬಟ್ಟೆ ಚೀಲ, ಮೀನು-ಮಾಂಸಕ್ಕೆ ಮುಚ್ಚಳ ಇರುವ ಸ್ಟೀಲ್ ಡಬ್ಬಿ ಒಯ್ಯಿರಿ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಸ್ಟ್ರಾಗಳನ್ನು 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧಿಸಲಾಗಿದೆ. ಆದರೆ ಚಿಪ್ಸ್ ಪ್ಯಾಕೆಟ್ ನಿಂತಿಲ್ಲ. ಅದರಲ್ಲಿ ಹಲವು ಪದರ ಅಂಟಿಕೊಂಡಿರುವುದರಿಂದ ಮರುಬಳಕೆಯೂ ಕಷ್ಟ.

ಅರಿವು ಮೂಡಿಸಲು ಭಾಷಣ ಇಡಬೇಡಿ, ಊಟದ ಪಂಕ್ತಿಗೆ ಹೋಗಿ. ಒಂದು ಮದುವೆ ಮುಗಿದ ಮೇಲೆ ಅರ್ಧ ಕುಡಿದಿಟ್ಟ ನೀರಿನ ಬಾಟಲಿಗಳ ರಾಶಿ ನೋಡಿದ್ದೀರಾ? ಪರಿಚಯದವರ ಮನೆಯಲ್ಲಿ ಮದುವೆ ಗೊತ್ತಾದ ಕೂಡಲೇ ಹೇಳಿ: ಬಾಟಲಿ ಬೇಡ, ದೊಡ್ಡ ಕ್ಯಾನು, ಸ್ಟೀಲ್ ಲೋಟ ಇಡೋಣ, ತೊಳೆಯುವವರ ಖರ್ಚು ನಾವೂ ಹಂಚಿಕೊಳ್ಳುತ್ತೇವೆ ಅಂತ. ಒಂದು ಮನೆಯವರು ಮಾಡಿದರೆ ಬಂದ ನೆಂಟರೆಲ್ಲ ನೋಡುತ್ತಾರಲ್ವಾ?

ಯಾಕಿಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಕಾವೇರಿ ಹುಟ್ಟುವುದೇ ಇಲ್ಲಿ. ಹೊಳೆಯ ಮೇಲ್ಗಡೆ ನಮಗಿಂತ ಮುಂಚೆ ಯಾರೂ ಇಲ್ಲ, ಬೇರೆಯವರು ಹಾಕಿದ ಕಸ ಎನ್ನಲು ನಮಗೆ ಜಾಗವಿಲ್ಲ. ಅಕ್ಟೋಬರ್‌ನ ತುಲಾ ಸಂಕ್ರಮಣಕ್ಕೆ ತಲಕಾವೇರಿ, ಭಾಗಮಂಡಲಕ್ಕೆ ಹೋಗುವವರಿದ್ದರೆ, ತೀರ್ಥ ತರಲು ಮನೆಯ ತಂಬಿಗೆಯನ್ನೇ ಒಯ್ಯಿರಿ, ಸಂಗಮದಲ್ಲಿ ಮಿಂದ ಬಟ್ಟೆಯನ್ನು ಹೊಳೆಗೆ ಬಿಡದೆ ವಾಪಸ್ ತನ್ನಿ. ಜೊತೆಗೆ ಬರುವವರಿಗೂ ಹೊರಡುವ ಮೊದಲೇ ಹೇಳಿಡಿ.