ಹಸಿರು ಬದುಕಿನ ಹೆಸರಲ್ಲಿ ಏರಿದ ಸಾಲ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಮೂವತ್ತರ ಆಸುಪಾಸಿನ ಮಹಿಳೆ. ಬಾಡಿಗೆ ಮನೆ, ಗಂಡ, ಶಾಲೆಗೆ ಹೋಗುವ ಮಗಳು. ಒಬ್ಬರ ಸಂಬಳದಲ್ಲೇ ಸಂಸಾರ ಸಾಗಬೇಕು. ನಿದ್ದೆ ಬರುವುದಿಲ್ಲ ಎಂದು ಸಲಹೆಗೆ ಬಂದರು. ಮಲಗಿದರೆ ಸಾಕು, ಅಂದು ಬಿಸಾಡಿದ ಪ್ಲಾಸ್ಟಿಕ್ ಕವರುಗಳ ಲೆಕ್ಕ ತಲೆಯಲ್ಲಿ ಓಡುತ್ತದೆ. ಮಗಳು ತಿಂಡಿ ಪೊಟ್ಟಣ ಹಿಡಿದು ಬಂದರೆ ಸಿಡುಕುತ್ತಾರೆ, ಆಮೇಲೆ ಅದಕ್ಕೂ ಕೊರಗುತ್ತಾರೆ. “ದುಡ್ಡಿದ್ದವರು ಪರಿಸರ ಉಳಿಸಬಹುದು ಮೇಡಂ, ನಮ್ಮಂಥವರು ಹಾಳು ಮಾಡ್ತಾನೇ ಇರಬೇಕು” ಎಂದರು.

ಕಳೆದ ಕೆಲವು ತಿಂಗಳಲ್ಲಿ ಏನೇನು ಕೊಂಡಿರಿ ಎಂದು ಕೇಳಿದಾಗ ಚಿತ್ರ ಬದಲಾಯಿತು. ಚೆನ್ನಾಗಿದ್ದ ಪ್ಲಾಸ್ಟಿಕ್ ಡಬ್ಬಿಗಳನ್ನು ಎಸೆದು ಗಾಜಿನ ಜಾಡಿಗಳು, ಬಿದಿರಿನ ಬ್ರಶ್ಶುಗಳು, ಏಳು ಹತ್ತಿ ಚೀಲ, ಸ್ಟೀಲ್ ಸ್ಟ್ರಾಗಳು. ಒಂದಷ್ಟು ಕಂತಿನ ಮೇಲೆ. ಗಂಡನ ಜೊತೆಗಿನ ಜಗಳ ಈ ಕಂತಿನದ್ದು. ಪರಿಸರದ ಬಗ್ಗೆ ಅವರಿಗೆ ತಕರಾರಿರಲಿಲ್ಲ.

ಪರಿಸರದ ಚಿಂತೆ ಕಾಯಿಲೆಯಲ್ಲ, ಅದನ್ನು ಅಳಿಸಬೇಕೆಂದು ನಾವು ಹೊರಡಲೂ ಇಲ್ಲ. ಇವರಿಗೆ ಅಪರಾಧಿಭಾವ ಹೆಚ್ಚಾದಾಗಲೆಲ್ಲ ಏನಾದರೊಂದು ಕೊಳ್ಳುವುದು ರೂಢಿಯಾಗಿತ್ತು. ಕೊಂಡಾಗ ಸಿಗುವ ಸಮಾಧಾನ ಪಾರ್ಸೆಲ್ ಬಿಚ್ಚುವವರೆಗೆ ಮಾತ್ರ. ಸಾಲ ಬೆಳೆದಂತೆ ಹೊಸ ಆತಂಕ, ಅದಕ್ಕೆ ಇನ್ನೊಂದು ವಸ್ತು. ಆದ್ದರಿಂದ ಮೊದಲ ಸಲಹೆ: 30 ದಿನ ‘ಹಸಿರು’ ಎಂಬ ಹೆಸರಿನ ಯಾವ ವಸ್ತುವನ್ನೂ ಕೊಳ್ಳಬೇಡಿ. ಆಸೆಯಾದರೆ ತಾರೀಕು ಹಾಕಿ ಪುಸ್ತಕದಲ್ಲಿ ಬರೆದಿಡಿ, ಆಗ ಮನಸ್ಸು ಹೇಗಿತ್ತು ಎಂಬುದನ್ನೂ ಪಕ್ಕದಲ್ಲಿ ಬರೆಯಿರಿ.

ಇದಕ್ಕೆ ಅವರು ಸುಲಭವಾಗಿ ಒಪ್ಪಲಿಲ್ಲ. ಹತ್ತಿ ಚೀಲದ ಲೆಕ್ಕ ಒಪ್ಪಿಸಿತು. 2018ರಲ್ಲಿ ಡೆನ್ಮಾರ್ಕಿನ ಪರಿಸರ ಸಂರಕ್ಷಣಾ ಸಂಸ್ಥೆ ಪ್ರಕಟಿಸಿದ ಅಧ್ಯಯನದಲ್ಲಿ, ಹವಾಮಾನದ ಪರಿಣಾಮವೊಂದನ್ನೇ ಎಣಿಸಿದರೂ ಸಾಮಾನ್ಯ ಹತ್ತಿ ಚೀಲವನ್ನು 52 ಸಲವಾದರೂ ಬಳಸಿದ ಮೇಲೆಯೇ ಅದು ಅಂಗಡಿಯ ಪ್ಲಾಸ್ಟಿಕ್ ಚೀಲಕ್ಕೆ ಸಮವಾಗುತ್ತದೆ. ಏಳು ಚೀಲವನ್ನು ಸರದಿಯಲ್ಲಿ ವಾರಕ್ಕೊಂದರಂತೆ ಹಿಡಿದರೆ ಆ ಮಟ್ಟಕ್ಕೆ ಬರಲು ಏಳು ವರ್ಷ ಬೇಕು. ಎರಡು ಇಟ್ಟುಕೊಂಡು ಉಳಿದವನ್ನು ಚೀಲವೇ ಇಲ್ಲದವರಿಗೆ ಕೊಡಿ ಎಂದೆವು. ಉಳಿದಿರುವ ಹಳೆ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಬಿಸಿ ಅಡುಗೆ ಬೇಡ. ಒಣ ಸಾಮಾನಿಗೆ, ಸೂಜಿ ದಾರಕ್ಕೆ ಒಡೆಯುವವರೆಗೂ ಬರುತ್ತವೆ.

ಮುಂದಿನ ಭೇಟಿಯಲ್ಲಿ ಕರೆಂಟಿನ ವಿಷಯ. ಏಳು ದಿನ ಒಂದೇ ಹೊತ್ತಿಗೆ ಮೀಟರ್ ಓದಿ ಬರೆಯಲು ಹೇಳಿದ್ದೆವು. ಒಂದು ರಾತ್ರಿ ಎಲ್ಲ ಆಫ್ ಮಾಡಿ, ಫ್ರಿಜ್ಜಿನ ಪ್ಲಗ್ಗನ್ನೂ ಹತ್ತು ನಿಮಿಷ ತೆಗೆದು, ಮೀಟರ್ ಇನ್ನೂ ಓಡುತ್ತಿದೆಯೇ ನೋಡಬೇಕು. ಇವರ ಮನೆಯಲ್ಲಿ ಓಡುತ್ತಿತ್ತು. ಟಿವಿಯ ಸೆಟ್‌ಟಾಪ್ ಬಾಕ್ಸನ್ನು ರಿಮೋಟಿನಲ್ಲಿ ಮಾತ್ರ ಆರಿಸುತ್ತಿದ್ದರು. ಇಂಥದ್ದು 10 ವ್ಯಾಟ್ ಎಳೆದರೂ ದಿನವಿಡೀ ಹಚ್ಚಿಟ್ಟರೆ ತಿಂಗಳಿಗೆ 7.2 ಯೂನಿಟ್. ದಿನಕ್ಕೆ ಐದು ಗಂಟೆ ಉರಿಯುವ 60 ವ್ಯಾಟಿನ ಹಳೆ ಬಲ್ಬಿನ ಬದಲು 9 ವ್ಯಾಟಿನ ಎಲ್‌ಇಡಿ ಹಾಕಿದರೆ ತಿಂಗಳಿಗೆ ಸುಮಾರು 7.6 ಯೂನಿಟ್ ಉಳಿಯುತ್ತದೆ. ಹೆಚ್ಚು ಹೊತ್ತು ಉರಿಯುವ ಬಲ್ಬನ್ನೇ ಮೊದಲು ಬದಲಿಸಬೇಕು. ಆದರೆ ದೊಡ್ಡ ಖರ್ಚು ನೀರು ಕಾಯಿಸುವುದರಲ್ಲಿದೆ: 15 ಲೀಟರ್ ನೀರನ್ನು 25 ಡಿಗ್ರಿಯಿಂದ 60ಕ್ಕೆ ಒಂದು ಸಲ ಏರಿಸಲೇ 0.6 ಯೂನಿಟ್ ಬೇಕು. ಇವರು ಬೆಳಗಿನಿಂದಲೂ ಗೀಸರ್ ಆನ್ ಇಡುತ್ತಿದ್ದರು, ತೊಟ್ಟಿ ತಣ್ಣಗಾದಷ್ಟು ಸಲ ಅದು ಮತ್ತೆ ಕಾಯುತ್ತಿತ್ತು. 2000 ವ್ಯಾಟಿನ ಗೀಸರಿಗೆ ಸ್ನಾನಕ್ಕೆ ಇಪ್ಪತ್ತು ನಿಮಿಷ ಮುಂಚೆ ಹಾಕಿದರೆ ಸಾಕು. ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸುವುದಕ್ಕೆ ಮೂವರೂ ಕೂತು ವೇಳೆ ಗೊತ್ತು ಮಾಡಿಕೊಂಡರು.

ಕಸದ ವಿಷಯದಲ್ಲಿ ಅವರಿಗೆ ಸೋತ ನೋವಿತ್ತು. ಹಿಂದೆ ಗೊಬ್ಬರ ಮಾಡಹೋಗಿ ಮನೆಯೆಲ್ಲ ನಾರಿ, ಗಂಡ ಬಕೆಟ್ ಎತ್ತಿ ಹೊರಗಿಟ್ಟಿದ್ದರು. ವಿಚಾರಿಸಿದರೆ ತೂತಿಲ್ಲದ ಬಕೆಟ್, ಬಿಗಿ ಮುಚ್ಚಳ, ಬರೀ ಹಸಿ ಸಿಪ್ಪೆ. ಗಾಳಿಯಿಲ್ಲದಿದ್ದರೆ ಕೊಳೆತ ಮೊಟ್ಟೆಯ ನಾತ ಬರುವುದು ಸಹಜ, ಕೈಗುಣದ ಮಾತಲ್ಲ. ಹಳೆಯ 20 ಲೀಟರಿನ ಬಕೆಟ್ಟಿಗೆ ತಳದಲ್ಲೂ ಸುತ್ತಲೂ ಪೆನ್ಸಿಲ್ ದಪ್ಪದ ತೂತು ಹಾಕಿ, ಕೆಳಗೆ ತಟ್ಟೆ ಇಟ್ಟು, ಎರಡು ಇಂಚು ಒಣ ಎಲೆ ಹರಡಬೇಕು. ಒಂದು ಹಿಡಿ ಮಣ್ಣು. ಆಮೇಲೆ ಒಂದು ಬೋಗುಣಿ ಸಣ್ಣಗೆ ಹೆಚ್ಚಿದ ಹಸಿಕಸಕ್ಕೆ ಎರಡು ಬೋಗುಣಿ ಒಣದ್ದು: ಎಲೆ, ಹರಿದ ಸುದ್ದಿಪತ್ರಿಕೆ, ಟೇಪ್ ಕಿತ್ತ ರಟ್ಟು. ಮೇಲ್ಪದರ ಯಾವಾಗಲೂ ಒಣದ್ದೇ ಇರಲಿ, ಇಲ್ಲದಿದ್ದರೆ ನೊಣ ಮೊಟ್ಟೆಯಿಡುತ್ತದೆ. ವಾರಕ್ಕೆರಡು ಸಲ ಬುಡಮೇಲು ಮಾಡಿ, ಒಂದು ಮುಷ್ಟಿ ಹಿಂಡಿ ನೋಡಬೇಕು. ಒಂದೆರಡು ಹನಿ ಬಂದರೆ ಹದ. ನೀರು ಸುರಿದರೆ ರಟ್ಟು ಸೇರಿಸಬೇಕು, ಪುಡಿಪುಡಿಯಾದರೆ ನೀರು ಚಿಮುಕಿಸಬೇಕು. ಮೂಗಿಗೆ ಖಾರವಾಗಿ ಅಮೋನಿಯಾ ಹೊಡೆದರೆ ಹಸಿ ಹೆಚ್ಚಾಗಿದೆ ಎಂದರ್ಥ. ಎಣ್ಣೆಯಡುಗೆಯ ಉಳಿಕೆ ಸದ್ಯಕ್ಕೆ ಬೇಡ. ಬಕೆಟ್ ತುಂಬಿದ ಮೇಲೆ ಎರಡು ಮೂರು ತಿಂಗಳು ಬಿಡಬೇಕು.

ಮನಸ್ಸಿನ ಕೆಲಸವೂ ಜೊತೆಜೊತೆಗೇ ನಡೆಯಿತು. ಚಿಂತೆಗೆ ಸಂಜೆ 15 ನಿಮಿಷ ಮೀಸಲು: ಹಾಳೆಯಲ್ಲಿ ಬರೆದು, ತನ್ನ ಕೈಯಲ್ಲಿರುವುದರ ಮುಂದೆ ನಾಳೆಯ ಒಂದು ಕೆಲಸ ನಮೂದಿಸುವುದು, ಉಳಿದದ್ದನ್ನು ಮಡಚಿಡುವುದು. ರಾತ್ರಿ ಯೋಚನೆ ಬಂದರೆ ‘ಇದು ಸಂಜೆಯ ಹಾಳೆಗೆ’ ಎಂದು ಮುಂದೂಡುವುದು. ಮಗಳ ಪೊಟ್ಟಣದ ಬಗ್ಗೆ ನಾವು ಖಡಾಖಂಡಿತವಾಗಿ ಹೇಳಿದ್ದು, ಮಗುವಿನ ಕೈಯಲ್ಲಿ ತಿಂಡಿ ಇರುವಾಗ ಆ ಮಾತೇ ಬೇಡ. ಬಕೆಟ್ ಬುಡಮೇಲು ಮಾಡುವಾಗ ಅವಳನ್ನು ಕರೆಯಿರಿ, ಬಂದರೆ ಬರಲಿ.

ನಾಲ್ಕನೇ ಭೇಟಿಯ ಹೊತ್ತಿಗೆ ನಿದ್ದೆ ಸುಧಾರಿಸಿತ್ತು. ಸುಧಾರಿಸದೆ ಎರಡು ವಾರ ಮೀರಿ ಊಟ ಸೇರದಿದ್ದರೆ, ಇಲ್ಲವೇ ಯಾವಾಗಲಾದರೂ ಬದುಕೇ ಬೇಡವೆನಿಸಿದರೆ, ತಡಮಾಡದೆ ಮನೋವೈದ್ಯರನ್ನು ಕಾಣಬೇಕೆಂದು ಮೊದಲ ದಿನವೇ ತಿಳಿಸಿದ್ದೆವು. ಪುಸ್ತಕದಲ್ಲಿ ಬರೆದಿಟ್ಟಿದ್ದ ಆಸೆಗಳಲ್ಲಿ ಎಲ್‌ಇಡಿ ಬಲ್ಬೊಂದನ್ನು ಉಳಿಸಿಕೊಂಡು ಮಿಕ್ಕವನ್ನು ಅವರೇ ಹೊಡೆದುಹಾಕಿದ್ದರು. ಕಂತು ತೀರುವವರೆಗೆ ಹೊಸ ಸಾಲವಿಲ್ಲ ಎಂದು ಗಂಡ ಹೆಂಡತಿ ಮಾತಾಡಿಕೊಂಡಿದ್ದಾರೆ. ಸೋರುವ ನಲ್ಲಿಯೊಂದು ಬಾಕಿಯಿದೆ. ಅದರಡಿ ಒಂದು ಗಂಟೆ ಲೋಟವಿಟ್ಟು, ಬಂದ ನೀರನ್ನು ಅಳೆದು 24ರಿಂದ ಗುಣಿಸಿ, ಆ ಲೆಕ್ಕದೊಂದಿಗೇ ಮನೆ ಮಾಲೀಕರ ಬಳಿ ಮಾತಾಡಲು ಸೂಚಿಸಿದ್ದೇವೆ.