ಮೊದಲ ಟೂರ್ನಮೆಂಟ್‌ಗೆ ಹೊರಟ ಕತ್ತಿ

ಪ್ರಶ್ನೆ: ನಮ್ಮದು ಚಿಕ್ಕಮಗಳೂರು ಹತ್ತಿರದ ಹಳ್ಳಿ. ಮಗಳಿಗೆ 13 ವರ್ಷ. ಎಂಟು ತಿಂಗಳಿಂದ ಸ್ಕೂಲಿನ ಪಿಟಿ ಮಾಸ್ಟರ್ ಹತ್ತಿರ ಫೆನ್ಸಿಂಗ್, ಅಂದರೆ ಕತ್ತಿ ಆಟ ಕಲಿಯುತ್ತಿದ್ದಾಳೆ. ಅದರ ಮೂರು ಬಗೆಯ ಕತ್ತಿಗಳಲ್ಲಿ ಎಪೇ ಆಡುತ್ತಾಳೆ. ನಮ್ಮತ್ತೆ ಇವತ್ತಿಗೂ ಫೆನ್ಸಿಂಗ್ ಅಂದರೆ ತೋಟದ ತಂತಿಬೇಲಿ ಅಂತಲೇ ತಿಳಿದಿದ್ದಾರೆ. ಮುಂದಿನ ತಿಂಗಳು ಬೆಂಗಳೂರಿನಲ್ಲಿ ಟೂರ್ನಮೆಂಟ್ ಇದೆ, ಕಳಿಸಿ ಅಂತಾರೆ ಮಾಸ್ಟರ್. ಅಲ್ಲಿಗೆ ವರ್ಷಗಟ್ಟಲೆ ಕಲಿತ ಮಕ್ಕಳು ಬರುತ್ತಾರಂತೆ. ಇವಳು ಎಲ್ಲಾ ಸೋತು ಅಳುತ್ತಾ ಬಂದರೆ? ಇನ್ನೊಂದು ವರ್ಷ ತಡೆಯಲಾ? ಏಟು ಬೀಳುವ ಭಯವೂ ಇದೆ.
– ಒಬ್ಬ ತಾಯಿ

ಉತ್ತರ: ಕಳಿಸಿ. ತಡೆಯಬೇಡಿ. ಇನ್ನೊಂದು ವರ್ಷ ಅದೇ ನಾಲ್ಕು ಗೆಳತಿಯರ ಜೊತೆ ಆಡಿದರೆ ಆ ನಾಲ್ಕು ಜನರ ಕೈ ಮಾತ್ರ ಅವಳಿಗೆ ಗೊತ್ತಿರುತ್ತದೆ. ಗುರುತಿಲ್ಲದ ಹುಡುಗಿ ಎದುರು ನಿಂತಾಗ ಎದೆ ಡವಡವ ಅನ್ನುತ್ತದಲ್ಲ, ಅದನ್ನು ಮನೆಯಲ್ಲಿ ಕಲಿಸಲು ಆಗುವುದಿಲ್ಲ.

ಮೊದಲು ಅಲ್ಲಿ ಏನಾಗುತ್ತದೆ ಅಂತ ತಿಳಿದುಕೊಳ್ಳಿ, ಅರ್ಧ ಭಯ ಅಲ್ಲೇ ಹೋಗುತ್ತದೆ. ಒಂದು ಆಟ ಸೋತ ಕೂಡಲೇ ಮನೆಗೆ ಬರುವ ಪದ್ಧತಿ ಇಲ್ಲಿ ಇಲ್ಲ. ಶುರುವಿಗೆ ಪೂಲ್ ಇರುತ್ತದೆ. ಸಾಮಾನ್ಯವಾಗಿ ಆರೇಳು ಜನರ ಗುಂಪು, ಅದರಲ್ಲಿ ಪ್ರತಿಯೊಬ್ಬರೂ ಎಲ್ಲರ ಜೊತೆಗೂ ಆಡಬೇಕು. ಒಂದು ಬೌಟ್ ಅಂದರೆ 5 ಪಾಯಿಂಟ್ ಅಥವಾ 3 ನಿಮಿಷ, ಯಾವುದು ಮೊದಲೋ ಅದು. ಆಮೇಲೆ ರ್‍ಯಾಂಕ್ ಹಾಕುವಾಗ ಎಷ್ಟು ಗೆದ್ದಳು ಅಂತ ಮೊದಲು ನೋಡುತ್ತಾರೆ. ಅದು ಸಮ ಬಂದರೆ ಹೊಡೆದ ಪಾಯಿಂಟ್‌ನಲ್ಲಿ ತಿಂದ ಪಾಯಿಂಟ್ ಕಳೆಯುತ್ತಾರೆ. ಅಂದರೆ 5-0 ಸೋಲೂ 5-3 ಸೋಲೂ ಒಂದೇ ಅಲ್ಲ! ಆ ಮೂರು ಪಾಯಿಂಟ್ ಅವಳ ಹೆಸರನ್ನು ಪಟ್ಟಿಯಲ್ಲಿ ಮೇಲೆ ತರಬಹುದು, ಮುಂದಿನ ಸುತ್ತಿನಲ್ಲಿ ಯಾರು ಎದುರಾಗುತ್ತಾರೆ ಅನ್ನುವುದನ್ನೇ ಬದಲಾಯಿಸಬಹುದು. 15 ಪಾಯಿಂಟ್‌ನ ನಾಕೌಟ್ ಬರುವುದು ಇದೆಲ್ಲ ಮುಗಿದ ಮೇಲೆ.

ಹಾಗಾಗಿ ಬಸ್ ಹತ್ತಿಸುವಾಗ ‘ಗೆದ್ದು ಬಾ’ ಅನ್ನಬೇಡಿ. 4-0 ಹಿಂದೆ ಬಿದ್ದಿದ್ದರೂ ಒಂದು ಪಾಯಿಂಟ್ ಕಿತ್ತುಕೊಳ್ಳೋಕೆ ನೋಡು ಅನ್ನಿ. ಎಂಟು ತಿಂಗಳ ಹುಡುಗಿಗೆ ಅದು ಕೈಗೆ ಎಟುಕುವ ಗುರಿ.

ಎಪೇ ಹಿಡಿದಿರುವುದು ಒಳ್ಳೆಯದೇ ಆಯಿತು. ಉಳಿದೆರಡು ಬಗೆಯಲ್ಲಿ, ಫಾಯಿಲ್‌ನಲ್ಲಿ ಮುಂಡಕ್ಕೆ ತಾಗಿದರೆ ಮಾತ್ರ ಪಾಯಿಂಟ್, ಸೇಬರ್‌ನಲ್ಲಿ ಸೊಂಟದಿಂದ ಮೇಲೆ. ಎರಡರಲ್ಲೂ ಕತ್ತಿ ತಾಗಿತು ಅಂತ ತೋರಿಸುವ ದೀಪ ಇಬ್ಬರದೂ ಹತ್ತಿದರೆ ದಾಳಿಯ ಹಕ್ಕು ಯಾರದು ಅಂತ ರೆಫರಿ ತೀರ್ಮಾನಿಸಬೇಕು, ಹೊಸಬರಿಗೆ ಅಲ್ಲೇ ತಲೆ ಕೆಡುವುದು. ಎಪೇಯಲ್ಲಿ ಕಾಲಿನ ಬೆರಳಿಂದ ನೆತ್ತಿವರೆಗೂ ಎಲ್ಲಿ ಚುಚ್ಚಿದರೂ ಪಾಯಿಂಟ್, ಇಬ್ಬರೂ ಒಟ್ಟಿಗೆ ತಾಗಿಸಿದರೆ ಇಬ್ಬರಿಗೂ ಒಂದೊಂದು. ಮೈಮೇಲೆ ಹಾಕುವ ಲೋಹದ ಎಳೆಯ ಲಾಮೆ ಜಾಕೆಟ್ಟೂ ಬೇಡ, ಖರ್ಚು ಅಷ್ಟು ಕಡಿಮೆ.

ಸಾಮಾನಿನ ವಿಷಯಕ್ಕೆ ಬರೋಣ, ಹೊಸಬರು ಜಾಸ್ತಿ ಎಡವುವುದು ಇಲ್ಲೇ. ಕೆಲಸ ಮಾಡುವ ಕತ್ತಿ ಎರಡು, ಬಾಡಿ ಕಾರ್ಡ್ (ಕತ್ತಿಯನ್ನು ಪಾಯಿಂಟ್ ಯಂತ್ರಕ್ಕೆ ಜೋಡಿಸುವ ವೈರ್) ಎರಡು ಇರಲೇಬೇಕು. ನನ್ನ ಮೊದಲ ಟೂರ್ನಮೆಂಟ್‌ಗೆ ಒಂದೇ ಬಾಡಿ ಕಾರ್ಡ್ ತೆಗೆದುಕೊಂಡು ಹೋಗಿದ್ದೆ. ಎರಡನೇ ಬೌಟ್‌ಗೆ ವೈರ್ ಕಿತ್ತುಹೋಯಿತು. ಯಾರೋ ಗುರುತಿಲ್ಲದ ಹುಡುಗಿ ತನ್ನದನ್ನು ಕೊಟ್ಟಳು, ಇಲ್ಲದಿದ್ದರೆ ಅಲ್ಲೇ ಅತ್ತುಬಿಡುತ್ತಿದ್ದೆ. ಬೌಟ್‌ಗೆ ಮುಂಚೆ ರೆಫರಿ ಕತ್ತಿಯ ಮೊನೆ ಮೇಲೆ 750 ಗ್ರಾಂ ತೂಕ ಇಟ್ಟು ನೋಡುತ್ತಾರೆ, ಸ್ಪ್ರಿಂಗ್ ಆ ತೂಕವನ್ನು ಎತ್ತಬೇಕು. ಎತ್ತದಿದ್ದರೆ ಹಳದಿ ಕಾರ್ಡ್. ಮತ್ತೆ ಹಾಗೇ ಆದರೆ ಕೆಂಪು, ಅಂದರೆ ಎದುರಾಳಿಗೆ ಸುಮ್ನೆ ಒಂದು ಪಾಯಿಂಟ್ ಕೊಟ್ಟ ಹಾಗೆ. ಹಿಂದಿನ ರಾತ್ರಿಯೇ ಎಲ್ಲ ಪರೀಕ್ಷೆ ಮಾಡಿಸಿ. ಇನ್ನು ನಮ್ಮ ಮಲೆನಾಡಿನ ಮಳೆ! ಬೆವರಿನ ಜಾಕೆಟ್ ಜೊತೆ ಕತ್ತಿಯನ್ನು ಒಂದೇ ಬ್ಯಾಗಿನಲ್ಲಿ ತುರುಕಿಟ್ಟರೆ ತುಕ್ಕು ಹಿಡಿಯುತ್ತದೆ. ಒಣಬಟ್ಟೆಯಲ್ಲಿ ಒರೆಸಿ, ಬೇರೆ ಇಡಿ.

ಏಟಿನ ಭಯಕ್ಕೆ ಹೇಳುವುದಾದರೆ, ಮಾಸ್ಕ್, ಜಾಕೆಟ್, ಜಾಕೆಟ್ ಒಳಗೆ ಕಂಕುಳು, ಪಕ್ಕೆ ಕಾಯುವ ಪ್ಲಾಸ್ಟ್ರಾನ್, ಗ್ಲೌಸ್, ಹುಡುಗಿಯರಿಗೆ ಎದೆಕವಚ ಎಲ್ಲ ಕಡ್ಡಾಯ. ಕತ್ತಿಗೆ ಹರಿತವೂ ಇರುವುದಿಲ್ಲ. ತೋಳಿನ ಮೇಲೆ ನೀಲಿಗಟ್ಟಿದ ಗುರುತು ಬರುತ್ತದೆ, ಅದು ನಿಜ. ನೋವು ಮಾಡಿಕೊಳ್ಳುವುದು ಹೆಚ್ಚಾಗಿ ಪಾದದ ಗಂಟು, ಮಂಡಿ. ಅದಕ್ಕೇ ಒಳ್ಳೆ ಶೂ ಕೊಡಿಸಿ. ಮನೆಯ ಕಾಫಿ ಕಣ ಖಾಲಿ ಇದ್ದಾಗ ಸೀಮೆಸುಣ್ಣದಲ್ಲಿ 14 ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲದ ಗೆರೆ ಹಾಕಿ ಕಾಲಿನ ಅಭ್ಯಾಸ ಮಾಡಲಿ, ಆಟದ ಪಟ್ಟಿಯ ಅಳತೆ ಅದೇ. ಆದರೆ ಸಿಮೆಂಟಿನ ಮೇಲೆ ಬರಿಗಾಲಲ್ಲಿ ಲಂಜ್ (ಮುಂಗಾಲು ಚಾಚಿ ಮುನ್ನುಗ್ಗುವ ಹೆಜ್ಜೆ) ಹಾಕುವುದು ಬೇಡ.

ಇನ್ನೊಂದು ವಿಷಯ, ಸಮಯ. ಚೆನ್ನೈನ ಭವಾನಿ ದೇವಿ 14ನೇ ವಯಸ್ಸಿನಲ್ಲಿ ಟರ್ಕಿಯ ತಮ್ಮ ಮೊದಲ ಅಂತರರಾಷ್ಟ್ರೀಯ ಟೂರ್ನಮೆಂಟ್‌ಗೆ ಮೂರು ನಿಮಿಷ ತಡವಾಗಿ ಹೋಗಿ ಕಪ್ಪು ಕಾರ್ಡ್ ತಿಂದರು, ಆಟದಿಂದಲೇ ಹೊರಗೆ. ಅದೇ ಹುಡುಗಿ ಟೋಕಿಯೋ ಒಲಿಂಪಿಕ್ಸ್‌ಗೆ ಹೋದರು. ಅಲ್ಲಿಗೆ ಹೋದ ಭಾರತದ ಮೊದಲ ಫೆನ್ಸರ್ ಅವರೇ, 2021ರಲ್ಲಿ ಮೊದಲ ಬೌಟ್ 15-3ರಲ್ಲಿ ಗೆದ್ದರು. ಕಲಿಯುವಾಗ ಬಿದಿರಿನ ಕೋಲಿನಲ್ಲೇ ಅಭ್ಯಾಸ ಮಾಡಿದವರು. ಬೆಳಗಿನ ಮೊದಲ ಬಸ್ಸನ್ನು ನಂಬಬೇಡಿ, ಹಿಂದಿನ ದಿನವೇ ಬೆಂಗಳೂರು ಸೇರಿಕೊಳ್ಳಿ. ವಯಸ್ಸಿನ ದಾಖಲೆ, ಆಧಾರ್, ಫೋಟೋ ಬ್ಯಾಗಿನಲ್ಲಿರಲಿ.

ಅತ್ತರೆ ಅಳಲಿ ಬಿಡಿ. ಊಟ ಕೊಡಿಸಿ, ಆಮೇಲೆ ಯಾವ ಪಾಯಿಂಟ್ ಹೇಗೆ ಹೊಡೆದೆ ಅಂತ ಕೇಳಿ. ನಿಮ್ಮತ್ತೆಯವರಿಗೆ ವಿಡಿಯೋ ತೋರಿಸಿ.

ಪ್ರಶ್ನೆ: ನನಗೆ 24, ಹಾಸನದಲ್ಲಿ ಕೆಲಸ. ಎಡಗೈಯವನು. ಈಗ ಶುರು ಮಾಡಿ ಟೂರ್ನಮೆಂಟ್ ಆಡುವುದು ತಡ ಆಯಿತಾ?
– ಹಾಸನದ ಓದುಗ

ಉತ್ತರ: ಸೀನಿಯರ್ ವಿಭಾಗಕ್ಕೆ ವಯಸ್ಸಿನ ಮೇಲ್ಮಿತಿ ಇಲ್ಲ, ಖಂಡಿತ ಆಡಬಹುದು. ಎಡಗೈ ಅಂದರೆ ನಿಮಗೆ ಲಾಭವೇ. ಬಲಗೈಯವರು ಎಡಗೈಯವರ ಎದುರು ಆಡುವುದು ಕಡಿಮೆ, ಕತ್ತಿ ಯಾವ ಕಡೆಯಿಂದ ಬರುತ್ತದೆ ಅಂತ ತಡಕಾಡುತ್ತಾರೆ. ಆದರೆ ಮೊದಲ ಮೂರು ತಿಂಗಳು ಬರೀ ಕಾಲಿನ ಕೆಲಸ ಅಂತ ಗಟ್ಟಿ ಮನಸ್ಸು ಮಾಡಿ. ಗ್ಲೌಸ್ ಕೊಳ್ಳುವಾಗ ಎಡಗೈಯದೇ ಕೇಳಿ, ಕತ್ತಿಯ ಹಿಡಿಯೂ ಎಡಗೈಗೆ ಬೇರೆ ಇರುತ್ತದೆ, ಅಂಗಡಿಯವರು ಕೊಟ್ಟದ್ದನ್ನು ಹಾಗೇ ತರಬೇಡಿ.

ಪ್ರಶ್ನೆ: ಕತ್ತಿ ತೆಗೆದುಕೊಂಡು ಪ್ರಯಾಣ ಮಾಡಬಹುದಾ?
– ಅರಸೀಕೆರೆಯಿಂದ

ಉತ್ತರ: ಜಿಪ್ ಹಾಕಿದ ಫೆನ್ಸಿಂಗ್ ಬ್ಯಾಗಿನಲ್ಲಿ ಇಡಿ, ಹೊರಗೆ ತೆಗೆಯಬೇಡಿ. ಟೂರ್ನಮೆಂಟ್ ಪತ್ರದ ಒಂದು ಪ್ರತಿ ಕೈಗೆ ಸಿಗುವ ಹಾಗಿರಲಿ, ಯಾರಾದರೂ ಕೇಳಿದರೆ ತೋರಿಸಬಹುದು. ವಿಮಾನದಲ್ಲಿ ಮಾತ್ರ ಕೈಚೀಲದಲ್ಲಿ ಬಿಡುವುದಿಲ್ಲ, ಚೆಕ್-ಇನ್ ಲಗೇಜ್‌ಗೆ ಹಾಕಬೇಕು.