ಹೊಟ್ಟೆಗೆ ಸ್ಪೀಕರ್ ಬೇಕೇನು?

(ಬಸುರಿ-ಬಾಣಂತಿಯರ ಪ್ರಶ್ನೆಗಳಿಗೆ ಧಾರವಾಡದ ನಿವೃತ್ತ ಹೆರಿಗೆ ವಾರ್ಡ್ ಸಿಸ್ಟರ್ ಒಬ್ಬರ ಉತ್ತರ)

ಪ್ರಶ್ನೆ: ನನಗೀಗ ಏಳು ತಿಂಗಳು ತುಂಬಿದೆ, ಚೊಚ್ಚಲು. ಮನೆ ಹತ್ತಿರದ ಕೇಂದ್ರವೊಂದರಲ್ಲಿ ಬಸುರಿಯರಿಗೆಂದೇ ‘ಸೌಂಡ್ ಥೆರಪಿ’ ಮಾಡುತ್ತಾರೆ. ಚಾಪೆಯ ಮೇಲೆ ಮಲಗಿಸಿ ಸುತ್ತಲೂ ಕಂಚಿನ ಬಟ್ಟಲು ಬಾರಿಸುತ್ತಾರೆ. ಟೆನ್ಷನ್ ಹೋಗುತ್ತದೆ, ಬಿ.ಪಿ. ಇಳಿಯುತ್ತದೆ, ಮಗು ಬುದ್ಧಿವಂತ ಆಗುತ್ತದೆ ಅನ್ನುತ್ತಾರೆ. ನನಗೆ ಬಿ.ಪಿ. ಮಾತ್ರೆ ಶುರುವಾಗಿದೆ. ಇತ್ತ ನಮ್ಮವರು ಹೊಟ್ಟೆಗೆ ಕಟ್ಟುವ ಸ್ಪೀಕರ್ ಬೆಲ್ಟ್ ತರಿಸಿದ್ದಾರೆ. ಹಾಡು ಹಾಕಿದರೆ ಮಗು ಒದೆಯುತ್ತದೆ, ಅದಕ್ಕೆ ಖುಷಿಯಾಗಿದೆ ಅಂತ ಅವರ ವಾದ. ಅತ್ತೆ ದಿನಾ ಸ್ತೋತ್ರ ಕೇಳು ಅನ್ನುತ್ತಾರೆ. ಯಾರ ಮಾತು ಕೇಳಲಿ?
– ಹೆಸರು ಬೇಡ, ಬೆಂಗಳೂರು

ಉತ್ತರ: ಮೊದಲು ಬಿ.ಪಿ. ಮಾತು ಮುಗಿಸೋಣ ತಂಗಿ, ಉಳಿದದ್ದು ಆಮೇಲೆ. ಬಟ್ಟಲು ಬಾರಿಸಿಕೊಂಡ ಮೇಲೆ ಎಷ್ಟೇ ಹಗುರ ಅನ್ನಿಸಲಿ, ಡಾಕ್ಟರನ್ನು ಕೇಳದೆ ಒಂದು ಹೊತ್ತಿನ ಮಾತ್ರೆಯನ್ನೂ ಬಿಡಬೇಡಿ. ತಲೆ ಸಿಡಿಯುವಂಥ ನೋವು, ಕಣ್ಣು ಮಂಜಾಗುವುದು, ಪಕ್ಕೆಲುಬಿನ ಕೆಳಗೆ ನೋವು, ಮುಖ-ಕೈ ಇದ್ದಕ್ಕಿದ್ದಂತೆ ಊದುವುದು – ಇವುಗಳಲ್ಲಿ ಒಂದು ಕಂಡರೂ ನಡುರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೊರಡಿ.

ಇನ್ನು ನಾದದಿಂದ ಮನಸ್ಸು ಹಗುರಾಗುತ್ತದೆಯೇ ಅಂದರೆ, ಆಗುತ್ತದೆ. ತೈವಾನಿನಲ್ಲಿ 236 ಬಸುರಿಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎರಡು ವಾರ ದಿನಕ್ಕೆ ಅರ್ಧ ಗಂಟೆ ಸಂಗೀತ ಕೇಳಲು ಹೇಳಿದರು. 2008ರಲ್ಲಿ ಪ್ರಕಟವಾದ ಅಧ್ಯಯನವದು. ಕೇಳಿದವರ ಒತ್ತಡ, ಆತಂಕ ಎರಡೂ ಇಳಿದಿದ್ದವು. ಅವರು ಕೇಳಿದ್ದು ಜೋಗುಳ, ಮಕ್ಕಳ ಹಾಡು, ಶಾಸ್ತ್ರೀಯ ಸಂಗೀತ, ನೀರು-ಗಾಳಿಯ ಸದ್ದು. ಅದೂ ಸಿ.ಡಿ.ಯಲ್ಲಿ. ಅದಕ್ಕೆ ಯಾವ ಪ್ಯಾಕೇಜೂ ಬೇಕಾಗಿರಲಿಲ್ಲ.

ಬಟ್ಟಲಿನ ನಾದವೇ ಹಿತ ಅನ್ನಿಸಿದರೆ ಹೋಗಿ ಬನ್ನಿ, ನಾನೇನೂ ತಡೆಯುವುದಿಲ್ಲ. ಆದರೆ ಇಂಥ ಕಡೆ ಅಂಗಾತ ಮಲಗಿಸುವುದೇ ಹೆಚ್ಚು. ಏಳು ತಿಂಗಳ ಹೊಟ್ಟೆಯ ಭಾರ ಬೆನ್ನಿನ ಕಡೆಯ ದೊಡ್ಡ ರಕ್ತನಾಳದ ಮೇಲೆ ಬಿದ್ದರೆ ತಲೆ ಸುತ್ತುತ್ತದೆ, ಬೆವರು ಬರುತ್ತದೆ, ಮಗುವಿಗೆ ಹೋಗುವ ರಕ್ತವೂ ಕಡಿಮೆಯಾಗುತ್ತದೆ. ‘ನಾನು ಮಗ್ಗುಲಾಗಿ ಮಲಗುತ್ತೇನೆ, ಮೊಣಕಾಲ ನಡುವೆ ದಿಂಬು ಕೊಡಿ’ ಅಂತ ಬಾಯಿಬಿಟ್ಟು ಕೇಳಿ. ಬಟ್ಟಲನ್ನು ಹೊಟ್ಟೆಯ ಮೇಲೆ ಇಟ್ಟು ಬಾರಿಸಲು ಬಂದರೆ ಬೇಡ ಅನ್ನಿ.

ಬೆಲ್ಟನ್ನು ಬಂದ ಡಬ್ಬಿಗೇ ವಾಪಸ್ ಹಾಕಿ. ಸುಮಾರು 24-25 ವಾರದಿಂದಲೇ ಮಗು ಹೊರಗಿನ ಸದ್ದಿಗೆ ಸ್ಪಂದಿಸತೊಡಗುತ್ತದೆ ಅನ್ನುವುದು ನಿಜ. ಬಾವಿಯಲ್ಲಿ ಮುಳುಗಿದವನಿಗೆ ದಂಡೆಯ ಮೇಲಿನವರ ಮಾತು ಕೇಳುವ ಹಾಗೆ, ಒಳಗೆ ಕೀರಲು ಸದ್ದು ಅಡಗಿ ದಪ್ಪ ಸದ್ದಷ್ಟೇ ಹೋಗುತ್ತದೆ. ಸ್ಪೀಕರನ್ನು ಚರ್ಮಕ್ಕೇ ಅಂಟಿಸಿದರೆ ನಡುವೆ ಅಂತರವೇ ಉಳಿಯುವುದಿಲ್ಲ. ಮಗು ಒದೆಯಿತು ಅಂದರೆ ಕುಣಿಯಿತು ಅಂತಲೇ ಅರ್ಥವಲ್ಲ, ಬೆಚ್ಚಿಬಿದ್ದಿರಲೂಬಹುದು. ಯಜಮಾನರಿಗೆ ಇದನ್ನು ಓದಿ ಹೇಳಿ.

ಬುದ್ಧಿವಂತಿಕೆಯ ಕಥೆಗೂ ಒಂದು ಹಿನ್ನೆಲೆ ಇದೆ. 1993ರಲ್ಲಿ ಅಮೆರಿಕದಲ್ಲಿ 36 ಕಾಲೇಜು ವಿದ್ಯಾರ್ಥಿಗಳಿಗೆ ಮೊಜಾರ್ಟ್ ಸಂಗೀತ ಕೇಳಿಸಿ ಒಂದು ಪರೀಕ್ಷೆ ಕೊಟ್ಟರು. ಆಕಾರಗಳನ್ನು ಮನಸ್ಸಿನಲ್ಲೇ ಕಲ್ಪಿಸಿಕೊಳ್ಳುವ ಪ್ರಶ್ನೆಗಳಲ್ಲಿ ಅಂಕ ಸ್ವಲ್ಪ ಏರಿತು, ಹತ್ತು-ಹದಿನೈದು ನಿಮಿಷದಲ್ಲಿ ಆ ಪರಿಣಾಮವೂ ಹೋಯಿತು. ಅದರಲ್ಲಿ ಬಸುರಿಯರೂ ಇರಲಿಲ್ಲ, ಕೂಸುಗಳೂ ಇರಲಿಲ್ಲ. ಅಲ್ಲಿಂದ ನಿಮ್ಮ ಓಣಿಯ ಕೇಂದ್ರದವರೆಗೆ ಮಾತು ಹೇಗೆ ಬೆಳೆಯಿತೋ! ಕೂಸುಗಳನ್ನೇ ಪರೀಕ್ಷಿಸಿದ 1980ರ ಪ್ರಯೋಗ ಬೇರೆ ಇದೆ: ಹುಟ್ಟಿ ಮೂರು ದಿನವೂ ತುಂಬದ ಶಿಶುಗಳು ಬೇರೆ ಹೆಂಗಸಿನ ದನಿಗಿಂತ ತಾಯಿಯ ದನಿಯನ್ನೇ ಕೇಳಲು ಬಯಸಿದವು. ಕೃತಕ ಮೊಲೆತೊಟ್ಟನ್ನು ಚೀಪುವ ಲಯ ಬದಲಿಸಿ ಅದನ್ನು ತೋರಿಸಿಕೊಟ್ಟವು.

ಹಾಗಾಗಿ ನೀವೇ ಗುನುಗಿ, ಶ್ರುತಿ ತಪ್ಪಿದರೂ ಚಿಂತೆಯಿಲ್ಲ. ಸ್ತೋತ್ರ ನಿಮಗೆ ಇಷ್ಟವಿದ್ದರೆ ಕೇಳಿ, ಕರ್ತವ್ಯಕ್ಕೆಂದು ಹಲ್ಲುಕಚ್ಚಿ ಕೇಳಿದರೆ ನೆಮ್ಮದಿ ಎಲ್ಲಿಂದ ಬರಬೇಕು? ಅತ್ತೆಗೇ ‘ನೀವು ಹಾಡಿ, ನಾನು ಕೇಳ್ತೀನಿ’ ಅನ್ನಿ. ಅವರ ಕಾಲದ ಸೋಬಾನೆ ಪದ ಹೊರಬಂದರೂ ಬರಬಹುದು. ದುಂಬಿಯ ಹಾಗೆ ಗುಂಯ್‌ಗುಡುವ ಭ್ರಾಮರಿ ಪ್ರಾಣಾಯಾಮವೂ ಒಳ್ಳೆಯದು, ಉಸಿರು ಕಟ್ಟಬೇಡಿ ಅಷ್ಟೇ. ನಮ್ಮ ವಾರ್ಡಿಗೆ ಹಳ್ಳಿಯಿಂದ ಬರುತ್ತಿದ್ದ ಕೆಲವರು ನೋವು ಏರಿದಾಗ ಕಿರುಚುತ್ತಿರಲಿಲ್ಲ, ಮಂಚದ ಸರಳು ಹಿಡಿದು ಕೆಳದನಿಯಲ್ಲಿ ‘ಹೂಂ…’ ಅಂತ ಉದ್ದಕ್ಕೆ ಎಳೆಯುತ್ತಿದ್ದರು. ಬಿಗಿದ ದವಡೆ ಸಡಿಲಾಗಿ, ಎತ್ತಿದ ಭುಜ ಇಳಿದು, ಉಸಿರು ತಾನಾಗಿ ಉದ್ದವಾಗುವುದು ಕಣ್ಣಿಗೆ ಕಾಣುತ್ತಿತ್ತು. ಕುಬಸ (ಸೀಮಂತ) ಮುಗಿದ ಮೇಲೆ ದಿನಾ ಸಂಜೆ ಐದು ನಿಮಿಷ ಇದನ್ನು ರೂಢಿ ಮಾಡಿಕೊಳ್ಳಿ, ಹೆರಿಗೆ ದಿನ ಕೈಹಿಡಿಯುತ್ತದೆ.

ಪ್ರಶ್ನೆ: ನಮ್ಮದು ಪಾವರ್‌ಲೂಮ್ ಮನೆ. ಮಗ್ಗದ ಪಕ್ಕದಲ್ಲೇ ಕೂತು ಕಂಡಿಕೆಗೆ ನೂಲು ಸುತ್ತುತ್ತೇನೆ. ಆರು ತಿಂಗಳಾಗಿದೆ. ಕಿವಿಗೆ ಅರಳೆ ಇಟ್ಟುಕೊಂಡರೆ ಸಾಕೆ?
– ಬನಹಟ್ಟಿಯ ಓದುಗರು

ಉತ್ತರ: ಸಾಲದು ತಂಗಿ. ಅರಳೆಯಿಂದ ನಿಮ್ಮ ಕಿವಿಗೇ ಸಿಗುವ ರಕ್ಷಣೆ ಅಷ್ಟಕ್ಕಷ್ಟೆ, ಮಗುವಿನ ಕಿವಿಗಂತೂ ಏನೂ ಇಲ್ಲ. ಪಕ್ಕದವರ ಜೊತೆ ಮಾತಾಡಲು ಕೂಗಬೇಕಾದಷ್ಟು ಸದ್ದಿದ್ದರೆ ಬಸುರಿ ದಿನವಿಡೀ ಅಲ್ಲಿ ಕೂರುವುದು ತರವಲ್ಲ. ಕಂಡಿಕೆ ರಾಟೆಯನ್ನು ಹಿತ್ತಲಿಗೋ ಒಳಕೋಣೆಗೋ ಸಾಗಿಸಿ, ನಡುವೆ ಒಂದು ಗೋಡೆ ಬಂದರೂ ಎಷ್ಟೋ ಪಾಲು ಮೇಲು. ಓಡುವ ಮಗ್ಗಕ್ಕೆ ಹೊಟ್ಟೆ ತಾಗಿಸಿ ನಿಲ್ಲಬೇಡಿ. ಮದುವೆ ಮೆರವಣಿಗೆಯ ಡಿ.ಜೆ.ಗೂ ಇದೇ ಮಾತು.

ಪ್ರಶ್ನೆ: ಹೆಂಡತಿ ಹೆತ್ತು ಒಂದೂವರೆ ತಿಂಗಳಾಯಿತು. ಕೂಸು ಮಲಗಲೆಂದು ಫೋನಿನಲ್ಲಿ ಮಳೆ ಸದ್ದು ಹಾಕಿ ತೊಟ್ಟಿಲಲ್ಲೇ ಇಡುತ್ತೇವೆ. ಕೂಸು ಮಲಗಿದರೂ ಇವಳಿಗೆ ನಿದ್ದೆ ಇಲ್ಲ, ಸುಮ್ಮಸುಮ್ಮನೆ ಅಳುತ್ತಾಳೆ. ಇವಳಿಗೂ ಸಂಗೀತ ಹಾಕಲೇ?
– ದಾವಣಗೆರೆಯ ಓದುಗರು

ಉತ್ತರ: ಫೋನನ್ನು ತೊಟ್ಟಿಲಿನಿಂದ ಈಗಲೇ ತೆಗೆಯಿರಿ ತಮ್ಮಾ. ಕೂಸು ಮಲಗಿಸಲೆಂದೇ ಮಾಡಿದ 14 ಸದ್ದಿನ ಯಂತ್ರಗಳನ್ನು ಪರೀಕ್ಷಿಸಿದ ವರದಿ 2014ರಲ್ಲಿ ಬಂತು. ಒಂದಡಿ ದೂರದಲ್ಲಿಟ್ಟು ಪೂರ್ತಿ ದನಿ ಕೊಟ್ಟಾಗ ಮೂರು ಯಂತ್ರಗಳ ಸದ್ದು 85 ಡೆಸಿಬಲ್ ದಾಟಿತ್ತು, ಅಂದರೆ ಬಹಳ ಹೊತ್ತು ಕೇಳಿದರೆ ಕಿವಿಗೆ ಕೆಡುಕಾಗುವಷ್ಟು ಜೋರು. ಸದ್ದು ಬೇಕೇ ಬೇಕಾದರೆ ಆರೇಳು ಅಡಿ ದೂರ, ಸಣ್ಣ ದನಿ, ಕೂಸು ಮಲಗಿದ ಮೇಲೆ ಬಂದ್.

ಹೆಂಡತಿಯ ವಿಷಯ ಅವಸರದ್ದು. ಹೆರಿಗೆಯಾದ ಮೊದಲ ವಾರದ ಅಳು ಸಾಮಾನ್ಯ, ಎರಡು ವಾರದಲ್ಲಿ ತಾನೇ ಹೋಗುತ್ತದೆ. ಒಂದೂವರೆ ತಿಂಗಳಾದರೂ ಉಳಿದಿದೆ ಅಂದರೆ ಬಾಣಂತಿ ಖಿನ್ನತೆ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ. 2018ರಲ್ಲಿ ಪ್ರಕಟವಾದ ಲಂಡನ್ನಿನ ಅಧ್ಯಯನವೊಂದರಲ್ಲಿ ಕೂಸುಗಳನ್ನು ಕಟ್ಟಿಕೊಂಡು ವಾರಕ್ಕೊಮ್ಮೆ ಗುಂಪಾಗಿ ಹಾಡಿದ ತಾಯಂದಿರಲ್ಲಿ, ಖಿನ್ನತೆ ಹೆಚ್ಚಿದ್ದವರು ವಾಡಿಕೆಯ ಆರೈಕೆ ಮಾತ್ರ ಪಡೆದವರಿಗಿಂತ ಬೇಗ ಸುಧಾರಿಸಿದರು. ಹಾಡು ಜೊತೆಗಿರಲಿ, ಚಿಕಿತ್ಸೆಯ ಬದಲಿಗಲ್ಲ. ಇದೇ ವಾರ ಡಾಕ್ಟರಿಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಯಾವ ಹೊತ್ತಿಗಾದರೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ತನಗೋ ಕೂಸಿಗೋ ಏನಾದರೂ ಮಾಡಿಕೊಳ್ಳುವ ಮಾತಾಡಿದರೆ, ಇಲ್ಲದ ದನಿ ಕೇಳಿಸುತ್ತದೆ ಅಂದರೆ, ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ, ಅಲ್ಲಿಯವರೆಗೆ ಒಬ್ಬಳನ್ನೇ ಬಿಡಬೇಡಿ. ಮತ್ತೆ ಇವತ್ತು ರಾತ್ರಿಯಿಂದಲೇ ಒಂದು ಸರದಿ ಕೂಸನ್ನು ನೀವು ಎತ್ತಿಕೊಂಡು ಬೇರೆ ಕೋಣೆಗೆ ಹೋಗಿ, ಅವಳು ಮಲಗಲಿ.